ಜೇಬಿನಲ್ಲಿ ಸಿಕ್ಕ ದಾರ

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ, ಹಳೇಬೀಡಿನ ಕಡೆಗೆ ರಸ್ತೆ ಒಡೆಯುವ ಕೂಡುರಸ್ತೆಯ ಊರು ನಮ್ಮ ಹಗರೆ. ಶಿಲ್ಪಕಲೆ ನೋಡಲು ಬರುವ ಪ್ರವಾಸಿಗರು ಇಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಇಣುಕಿ, ಕಡಲೆಕಾಯಿಯನ್ನೋ ಸೌತೆಕಾಯಿಯನ್ನೋ ಕೊಂಡು ಮುಂದೆ ಹೋಗುತ್ತಾರೆ. ನೋಡುವಂಥದ್ದು ಇಲ್ಲೇನೂ ಇಲ್ಲವೆಂದು 1991ರಲ್ಲಿ ಪ್ರೌಢಶಾಲಾ ಶಿಕ್ಷಕನಾಗಿ ವರ್ಗವಾಗಿ ಬಂದಾಗ ನಾನೂ ಅಂದುಕೊಂಡಿದ್ದೆ. ಇತ್ತ ಪೂರ್ಣ ಮಲೆನಾಡೂ ಅಲ್ಲ, ಅತ್ತ ಪೂರ್ಣ ಬಯಲುಸೀಮೆಯೂ ಅಲ್ಲ. ರಾಗಿ, ಆಲೂಗಡ್ಡೆ, ಮೆಣಸಿನಕಾಯಿಯ ಹೊಲಗಳು, ನಡುವೆ ಕೆರೆಗಳು, ಹಳ್ಳದ ಬದಿಯಲ್ಲಿ ಮಾವಿನ ತೋಪುಗಳು. ಎರಡು ಸೀಮೆ ಕೂಡುವ ಕಡೆ ಎರಡೂ ಕಡೆಯ ಹಕ್ಕಿಗಳು ಸಿಗುತ್ತವೆ ಎಂಬುದನ್ನು ನನಗೆ ತೋರಿಸಿಕೊಟ್ಟವಳು ನನ್ನ ಪತ್ನಿ.

ಆಕೆ ಆರೋಗ್ಯ ಸಹಾಯಕಿಯಾಗಿದ್ದಳು. ಊರವರ ಬಾಯಲ್ಲಿ 'ನರ್ಸಮ್ಮ'. ಲಸಿಕೆಯ ಡಬ್ಬಿ ಹಿಡಿದು ದಿನವೂ ಹಳ್ಳಿಯಿಂದ ಹಳ್ಳಿಗೆ ನಡೆಯುವುದು ಆಕೆಯ ಕೆಲಸ. ತರಗತಿಯ ನಾಲ್ಕು ಗೋಡೆಗಳ ನಡುವೆ ಜೀವಶಾಸ್ತ್ರ ಪಾಠ ಮಾಡುತ್ತಿದ್ದ ನನಗೆ ಕಾಣದ ಜೀವಗಳೆಲ್ಲ ಆಕೆಗೆ ಕಾಲುದಾರಿಯಲ್ಲಿ ಕಾಣುತ್ತಿದ್ದವು. ಸಂಜೆ ಮನೆಗೆ ಬಂದವಳು ಮುಖ ತೊಳೆಯುವ ಮೊದಲೇ, "ರೀ, ಕೋಡಿಯ ಹತ್ರ ನೀಲಿ ಬೆನ್ನಿನದು ಒಂದು ಕೂತಿತ್ತು, ಕೊಕ್ಕು ಕೆಂಪಗೆ, ಎದೆ ಬೆಳ್ಳಗೆ, ಏನಿರಬಹುದು?" ಎಂದು ಕೇಳುತ್ತಿದ್ದಳು. ನಾನು ಪುಸ್ತಕ ತೆರೆದು ಮಿಂಚುಳ್ಳಿ ಎನ್ನುತ್ತಿದ್ದೆ. ನಮ್ಮ ಹವ್ಯಾಸ ಹುಟ್ಟಿದ್ದು ಹಾಗೆ: ಆಕೆ ಕಂಡದ್ದಕ್ಕೆ ನಾನು ಹೆಸರು ಹುಡುಕುವುದು. ಕೆಲವೇ ತಿಂಗಳಲ್ಲಿ ಹಾಸನದ ಸ್ಟುಡಿಯೋ ಒಂದರಲ್ಲಿ ಯಾರೋ ಬಳಸಿ ಬಿಟ್ಟಿದ್ದ ಪೆಂಟಾಕ್ಸ್ ಕ್ಯಾಮೆರಾ ಕಂತಿನಲ್ಲಿ ಮನೆಗೆ ಬಂತು. ಮುಂದೆ ಒಂದು ದೂರದರ್ಶಕ ಮಸೂರವೂ ಸೇರಿಕೊಂಡಿತು. ಅದರ ಕಂತು ತೀರುವ ತನಕ ನಮ್ಮ ಮನೆಯಲ್ಲಿ ಹಬ್ಬಕ್ಕೆ ಹೊಸ ಬಟ್ಟೆ ಬರಲಿಲ್ಲ.

ಒಂದು ರೀಲಿಗೆ ಮೂವತ್ತಾರು ಚಿತ್ರ. ಇಂದು ಮೊಬೈಲಿನಲ್ಲಿ ನಿಮಿಷಕ್ಕೆ ಅಷ್ಟು ತೆಗೆಯುವ ಮಕ್ಕಳಿಗೆ ಆ ಮೂವತ್ತಾರರ ಬೆಲೆ ಹೇಳಿದರೆ ಅರ್ಥವಾಗದು. ರೀಲು ಮುಗಿಯಲು ತಿಂಗಳು, ತೊಳೆಸಿ ಅಚ್ಚು ಹಾಕಿಸಿ ತರಲು ಮತ್ತೊಂದು ವಾರ. ಬಂದ ಚಿತ್ರಗಳಲ್ಲಿ ಮೂವತ್ತು ಮಸುಕು. ಉಳಿದ ಆರರಲ್ಲಿ ಹಕ್ಕಿ ಹಾರಿಹೋಗಿ ಬರೀ ಕೊಂಬೆ ಉಳಿದವು ಎರಡೋ ಮೂರೋ. ಆದರೂ ಆಕೆ ಬಿಡಲಿಲ್ಲ. ನಾನು ಆ ಚಿತ್ರಗಳ ಜೊತೆಗೆ ಎರಡು ಪುಟ ಬರೆದು ಪತ್ರಿಕೆಗಳಿಗೆ ಕಳುಹಿಸತೊಡಗಿದೆ. ಅಚ್ಚಾಗತೊಡಗಿದವು.

ನೌಕರಿಯ ಜೊತೆಗೆ ಕಾಡು, ಕ್ಯಾಮೆರಾ, ಬರವಣಿಗೆ ಎಂದರೆ ನಮ್ಮ ಸೀಮೆಯಲ್ಲಿ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಬೇಲೂರು ದಾಟಿ ಮುಂದೆ ಹೋದರೆ ಮೂಡಿಗೆರೆ. ಅಲ್ಲಿ ಪೂರ್ಣಚಂದ್ರ ತೇಜಸ್ವಿಯವರಿದ್ದರು. ಎಂ.ಎ. ಓದಿ ಪಟ್ಟಣದ ಉದ್ಯೋಗಕ್ಕೆ ಹೋಗದೆ ಕಾಫಿ ತೋಟ ಮಾಡಿ, ಹಕ್ಕಿಗಳ ಚಿತ್ರ ತೆಗೆದು, 'ಕರ್ವಾಲೊ', 'ಪರಿಸರದ ಕತೆ'ಗಳನ್ನು ಬರೆದವರು. ಅವರ ಹಕ್ಕಿ ಪುಸ್ತಕಗಳೇ ನಮಗೆ ಕನ್ನಡದ ಹೆಸರುಗಳನ್ನು ಕಲಿಸಿದ್ದು. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿದ್ದ ರಾಜೇಶ್ವರಿಯವರು 1966ರಲ್ಲಿ ಅವರನ್ನು ಮದುವೆಯಾಗಿ ಆ ತೋಟದ ಬದುಕಿಗೆ ಬಂದವರು. ಆ ಮದುವೆಗೆಂದೇ ಕುವೆಂಪು ಅವರು ರೂಪಿಸಿದ ಸರಳ ವಿವಾಹ ವಿಧಿ 'ಮಂತ್ರ ಮಾಂಗಲ್ಯ' ಇಂದು ನಾಡಿಗೆಲ್ಲ ಪರಿಚಿತ. ಎಷ್ಟೋ ಸಲ ಮೂಡಿಗೆರೆಯ ಮೇಲೆ ಬಸ್ಸಿನಲ್ಲಿ ಹಾದುಹೋದೆವು. ಇಳಿದು ಅವರ ಮನೆ ಬಾಗಿಲು ತಟ್ಟುವ ಧೈರ್ಯ ಮಾತ್ರ ಬರಲಿಲ್ಲ.

ಆ ದಿನಗಳಲ್ಲಿ ನಾನು ತೇಜಸ್ವಿಯವರ ಹಾಗೆ ಬರೆಯಬೇಕೆಂದು ಹಂಬಲಿಸುತ್ತಿದ್ದೆನೇ ಹೊರತು, ಅವರು ಗಂಟೆಗಟ್ಟಲೆ ಹಕ್ಕಿಯ ಮುಂದೆ ಕೂತಿದ್ದಾಗ ಮನೆ, ಮಕ್ಕಳು, ತೋಟ ಯಾರ ಕಣ್ಗಾವಲಲ್ಲಿದ್ದವು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಇದನ್ನು ಒಮ್ಮೆ ಬರೆದಿದ್ದೇನೆ, ಆದರೆ ಪೂರ್ತಿಯಾಗಿ ಅಲ್ಲ.

1997ರ ಮೇ ತಿಂಗಳು. ಊರಾಚೆಯ ಹಳ್ಳದ ಪಕ್ಕದ ಮಾವಿನ ತೋಪಿನಲ್ಲಿ ರಾಜಹಕ್ಕಿ ಗೂಡು ಕಟ್ಟಿತ್ತು. ಕೆಲವರು ಇದನ್ನು ಬಾಲದಂಡೆ ಎನ್ನುತ್ತಾರೆ. ಗಂಡು ಪೂರ್ಣ ಬೆಳೆದಾಗ ಮೈಯೆಲ್ಲ ಹಾಲಿನ ಬಿಳುಪು, ತಲೆ ಮಾತ್ರ ಕಡುಗಪ್ಪು, ಬಾಲದಿಂದ ಎರಡು ಬಿಳಿಯ ರಿಬ್ಬನ್ನುಗಳು ಅಡಿಯುದ್ದ ಇಳಿಬಿದ್ದಿರುತ್ತವೆ. ಆ ಬಿಳುಪು ಬರಲು ಅದು ಕೆಲವು ವರ್ಷ ಬದುಕಿರಬೇಕು. ಎಳೆಯ ಗಂಡು ಹೆಣ್ಣಿನಂತೆಯೇ ಕಂದುಗೆಂಪು. ಇಷ್ಟು ಸಿಂಗಾರದ ಗಂಡು ಸುಮ್ಮನೆ ಮೆರೆದುಕೊಂಡಿರುತ್ತದೆ ಎಂದುಕೊಂಡರೆ ತಪ್ಪು. ಅದೂ ಸರದಿಯಲ್ಲಿ ಗೂಡಿನಲ್ಲಿ ಕೂತು ಮೊಟ್ಟೆಗೆ ಕಾವು ಕೊಡುತ್ತದೆ, ಮರಿಗಳಿಗೆ ಹುಳ ತರುತ್ತದೆ. ಪುಟ್ಟ ಬಟ್ಟಲಿನಂಥ ಗೂಡಿನಿಂದ ಆ ಉದ್ದ ಬಾಲ ಹೊರಗೆ ಜೋತುಬಿದ್ದಿರುವುದನ್ನು ಕಂಡು ನಮ್ಮಾಕೆ, "ಬಾಣಂತನಕ್ಕೆ ಗಂಡನೂ ಕೂತಿದ್ದಾನೆ ನೋಡಿ" ಎಂದು ನಕ್ಕಿದ್ದಳು.

ಗೂಡು ನೆಲದಿಂದ ಏಳಡಿ ಎತ್ತರದಲ್ಲಿತ್ತು. ಮೂರು ಮರಿಗಳು, ಹುಟ್ಟಿ ನಾಲ್ಕೈದು ದಿನವಾಗಿರಬಹುದು. ಗೋಣಿಚೀಲಗಳನ್ನು ಹೊಲಿದು ಮರೆ ಮಾಡಿಕೊಂಡೆವು. ಅಂದಿನ ದಿನಗಳಲ್ಲಿ ಹಕ್ಕಿಯ ಚಿತ್ರವೆಂದರೆ ಬಹುಪಾಲು ಗೂಡಿನ ಚಿತ್ರವೇ. ಹಕ್ಕಿ ಛಾಯಾಗ್ರಹಣ ಬೆಳೆದದ್ದೇ ಗೂಡಿನ ಬಳಿ. ಇಂಗ್ಲೆಂಡಿನ ಕಿಯರ್ಟನ್ ಸಹೋದರರು 1895ರಲ್ಲಿ ತಂದ ಪುಸ್ತಕದ ವಿಷಯವೇ ಹಕ್ಕಿಗೂಡುಗಳು. ಅಣ್ಣ ರಿಚರ್ಡ್ ಬರೆದ, ತಮ್ಮ ಚೆರ್ರಿ ಚಿತ್ರ ತೆಗೆದ. ಹತ್ತಿರ ಹೋಗಲು ಅವರು ಟೊಳ್ಳಾದ ಎತ್ತಿನ ಬೊಂಬೆ ಮಾಡಿ ಅದರೊಳಗೆ ಅಡಗಿ ಕೂರುತ್ತಿದ್ದರಂತೆ. ಭಾರದ ಕ್ಯಾಮೆರಾ, ಮಂದ ಫಿಲ್ಮು. ಹಕ್ಕಿ ಖಂಡಿತವಾಗಿ ಮರಳಿ ಬರುವ ಒಂದೇ ಜಾಗವೆಂದರೆ ಗೂಡು. ಹಾಗಾಗಿ ಗೂಡಿನ ಮುಂದಿನ ಎಲೆಗಳನ್ನು ಸರಿಸಿ ಬೆಳಕು ಮಾಡಿಕೊಳ್ಳುವುದು ಎಲ್ಲರೂ ಒಪ್ಪಿದ ಪದ್ಧತಿಯಾಗಿತ್ತು. ಕೊಂಬೆ ಕಡಿಯಬಾರದು, ದಾರದಿಂದ ಹಿಂದಕ್ಕೆ ಕಟ್ಟಿ, ಕೆಲಸ ಮುಗಿದ ಕೂಡಲೇ ಬಿಚ್ಚಬೇಕು ಎಂಬುದು ಅದರ ಶಿಸ್ತು. ನಾವು ಹಾಗೆಯೇ ಮಾಡಿದೆವು. ಎರಡು ದಿನ ಬಂದು, ಕಟ್ಟಿ, ತೆಗೆದು, ಬಿಚ್ಚಿ ಹೋದೆವು.

ಎರಡನೆಯ ದಿನದ ಸಂಜೆ ಗಂಡು ಗೂಡಿನ ಅಂಚಿಗೆ ಬಂದು ಕೂತಿತು. ಕೊಕ್ಕಿನಲ್ಲಿ ಒಂದು ಏರೋಪ್ಲೇನ್ ಚಿಟ್ಟೆ, ಕೆಳಗೆ ಮೂರು ತೆರೆದ ಬಾಯಿಗಳು, ಇಳಿಬಿಸಿಲಿನಲ್ಲಿ ಹೊಳೆಯುವ ರಿಬ್ಬನ್ನು. ಆಕೆ ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದಳು. ಅಷ್ಟರಲ್ಲಿ ಪಕ್ಕದ ಹಟ್ಟಿಯಿಂದ ಹುಡುಗನೊಬ್ಬ ಸೈಕಲ್ ತುಳಿದುಕೊಂಡು ಬಂದ. ಅವನ ಅತ್ತಿಗೆಗೆ ನೋವು ಕಾಣಿಸಿಕೊಂಡಿತ್ತು. ಆಕೆ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, "ದಾರ ಬಿಚ್ಚಿಬಿಡಿ, ಮರೀಬೇಡಿ" ಎಂದು ಹೇಳಿ ಸೈಕಲ್ಲಿನ ಹಿಂದೆ ಕೂತು ಹೋದಳು.

ನಾನು ಮರೆಯಲಿಲ್ಲ. ಮರೆತಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಬೆಳಿಗ್ಗೆ ಮತ್ತೆ ಬಂದು ಕಟ್ಟಲೇಬೇಕಲ್ಲ, ಎರಡೆರಡು ಸಲ ಹಕ್ಕಿಗೆ ತೊಂದರೆ ಏಕೆ ಎಂದು ಲೆಕ್ಕ ಹಾಕಿದೆ. ಹಕ್ಕಿಯ ಮೇಲಿನ ಕರುಣೆಯಿಂದಲೇ ಹಾಗೆ ಮಾಡುತ್ತಿದ್ದೇನೆ ಎಂದು ಆ ಗಳಿಗೆಯಲ್ಲಿ ನಿಜವಾಗಿಯೂ ನಂಬಿದ್ದೆ. ಮೋಡ ಕಟ್ಟಿತ್ತು, ಏಣಿ ಹತ್ತುವುದು ಬೇಸರವಾಗಿತ್ತು ಎಂಬುದೂ ನಿಜ. ದಾರವನ್ನು ಹಾಗೆಯೇ ಬಿಟ್ಟು ಮನೆಗೆ ಬಂದೆ.

ರಾತ್ರಿ ಮಳೆ ಹೊಡೆಯಿತು. ಮುಂಗಾರು ಮುನ್ನಿನ ಆ ಮಳೆಗಳು ನಮ್ಮಲ್ಲಿ ಗುಡುಗು ಗಾಳಿಯೊಂದಿಗೇ ಬರುತ್ತವೆ. ಹೆಂಚಿನ ಮೇಲಿನ ಸದ್ದು ಕೇಳುತ್ತ ಮಲಗಿದ್ದವನಿಗೆ ತೋಪಿನ ನೆನಪು ಬಾರದೆ ಇರಲಿಲ್ಲ. ಟಾರ್ಚ್ ಹಿಡಿದು ಹೋಗಬಹುದಿತ್ತು. ಹೋಗಲಿಲ್ಲ.

ನಸುಕಿನಲ್ಲಿ ಓಡಿದೆ. ಎಲೆಗಳ ಮರೆಯಿಲ್ಲದೆ ಬೋಳಾಗಿ ನಿಂತ ಗೂಡು ಒಂದು ಬದಿಗೆ ವಾಲಿತ್ತು, ಒಳಗೆ ಏನೂ ಇರಲಿಲ್ಲ. ಕೆಳಗೆ ಒದ್ದೆ ತರಗೆಲೆಗಳ ಮೇಲೆ ಒಂದು ಮರಿ, ಇರುವೆ ಮುತ್ತಿತ್ತು. ಪಕ್ಕದ ಪೊದೆಯಲ್ಲಿ ಕೆಂಬೂತವೊಂದು ನಿಧಾನವಾಗಿ ಸರಿದುಹೋಯಿತು. ಅದನ್ನು ರತ್ನಪಕ್ಷಿ ಎಂದು ಕರೆದು, ಬೆಳಿಗ್ಗೆ ಕಂಡರೆ ಶುಭವೆನ್ನುವವರಿದ್ದಾರೆ. ಚಿಕ್ಕ ಹಕ್ಕಿಗಳ ಮೊಟ್ಟೆ ಮರಿಗಳನ್ನು ಕದ್ದು ತಿನ್ನುವುದರಲ್ಲಿ ಅದು ನಿಸ್ಸೀಮ. ಉಳಿದೆರಡನ್ನು ಅದು ಕೊಂಡೊಯ್ದಿತೋ, ಮಳೆ ಕೊಚ್ಚಿತೋ ನಾನು ನೋಡಿಲ್ಲ. ಬಿಳಿಯ ಗಂಡು ಮಾತ್ರ ಕೊಂಬೆಯಿಂದ ಕೊಂಬೆಗೆ ಕೂಗುತ್ತ ಹಾರುತ್ತಿತ್ತು. ಅದರ ಕೊಕ್ಕಿನಲ್ಲಿ ಹುಳವಿತ್ತು.

ನಾನು ಏಣಿ ಹತ್ತಿ ದಾರಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಕೊಂಬೆಗಳು ಮೆಲ್ಲಗೆ ತಮ್ಮ ಜಾಗಕ್ಕೆ ಮರಳಿ, ಖಾಲಿ ಗೂಡನ್ನು ಚೆನ್ನಾಗಿ ಮುಚ್ಚಿದವು.

ಎಂಟು ಗಂಟೆಗೆ ಆಕೆ ಬಂದಳು. ರಾತ್ರಿಯಿಡೀ ನಿದ್ದೆಯಿಲ್ಲದ ಕಣ್ಣು, ಆದರೂ ಮುಖದಲ್ಲಿ ಹಿಗ್ಗು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. "ಮರಿಗಳು ಹೇಗಿವೆ?" ಎಂದಳು. "ರಾತ್ರಿ ಮಳೆಗೆ ಗೂಡು ಹೋಗಿಬಿಟ್ಟಿದೆ" ಎಂದೆ. ಆಕೆ ಮಾತಾಡದೆ ತೋಪಿನವರೆಗೆ ನಡೆದುಹೋಗಿ ಬಂದಳು.

ರೀಲು ತೊಳೆಸಿದಾಗ ಆ ಚಿತ್ರ ಬಂತು. ಇಷ್ಟು ವರ್ಷಗಳಲ್ಲಿ ಅಂಥದ್ದು ಇನ್ನೊಂದು ಬಂದಿಲ್ಲ. ನಾನು ಅದಕ್ಕೆ ಹಕ್ಕಿಗಳ ದಾಂಪತ್ಯ, ತಂದೆತಾಯಿಯರ ತ್ಯಾಗ ಎಂದೆಲ್ಲ ಮೂರು ಪುಟ ಬರೆದೆ. ಮರಿಗಳು ರೆಕ್ಕೆ ಬಲಿತು ಹಾರಿಹೋದವೆಂದು ಬರೆಯಲಿಲ್ಲ, ಸತ್ತವೆಂದೂ ಬರೆಯಲಿಲ್ಲ. ಹಾಗೆ ನುಣುಚಿಕೊಳ್ಳುವ ವಾಕ್ಯಗಳನ್ನು ಕಟ್ಟುವುದು ಬರೆಯುವವನಿಗೆ ಕಷ್ಟವಲ್ಲ. ಲೇಖನ ಪತ್ರಿಕೆಯೊಂದರಲ್ಲಿ ಬಂತು, ಚಿತ್ರ ಅರ್ಧ ಪುಟ ತುಂಬಿತ್ತು. ಕೆಳಗೆ ಒಂದೇ ಹೆಸರು, ನನ್ನದು. ಪತ್ರಿಕೆಯವರನ್ನು ದೂರಲಾರೆ, 'ಚಿತ್ರ ಇಂಥವರದು' ಎಂದು ನಾನೇ ಸ್ಪಷ್ಟವಾಗಿ ಬರೆದು ಕಳುಹಿಸಿರಲಿಲ್ಲ. ಶಾಲೆಯಲ್ಲಿ, ಬಸ್ ನಿಲ್ದಾಣದಲ್ಲಿ, ಭಾನುವಾರ ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ಜನ ಕೈಕುಲುಕಿ, "ಎಂಥಾ ಫೋಟೋ ಮೇಷ್ಟ್ರೇ!" ಎಂದಾಗ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಪಕ್ಕದಲ್ಲಿ ಆಕೆಯೂ ನಿಂತಿರುತ್ತಿದ್ದಳು.

ಆಕೆ ಲೇಖನವನ್ನು ಓದಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಓದಿ ಮಡಿಸಿಟ್ಟು ಹೇಳಿದಳು: "ಚೆನ್ನಾಗಿ ಬರ್ದಿದೀರ. ದಾರದ ವಿಷಯ ಒಂದು ಇಲ್ಲ."

ಮಾರನೆಯ ದಿನವೇ ಬಟ್ಟೆ ಒಗೆಯುವಾಗ ನನ್ನ ಅಂಗಿಯ ಜೇಬಿನಲ್ಲಿ ಆಕೆಗೆ ಆ ದಾರಗಳು ಸಿಕ್ಕಿದ್ದವು. ಒದ್ದೆಯಾಗಿದ್ದವು, ಮಾವಿನ ಎಲೆಯ ಚೂರು ಅಂಟಿತ್ತು. ಮಳೆ ಬರುವ ಮುಂಚೆ ಬಿಚ್ಚಿದ ದಾರ ಒದ್ದೆಯಾಗುವುದು ಹೇಗೆ? ಎರಡು ತಿಂಗಳು ಆಕೆ ಕೇಳಿರಲಿಲ್ಲ. ನಾನೇ ಹೇಳಲಿ ಎಂದು ಕಾದಿದ್ದಳು.

ಅಂದು ಕ್ಯಾಮೆರಾ ಬೀರು ಸೇರಿತು. ಜಗಳವಾಗಲಿಲ್ಲ, ಮಾತು ನಿಲ್ಲಲಿಲ್ಲ, ಊಟ ತಿಂಡಿ ಯಥಾಪ್ರಕಾರ ನಡೆಯಿತು. ಸಂಜೆ ಬಂದು ಹಕ್ಕಿಯ ಸುದ್ದಿ ಹೇಳುವುದನ್ನು ಮಾತ್ರ ಆಕೆ ನಿಲ್ಲಿಸಿದಳು. ಆಗ ನನಗೊಂದು ಸಂಗತಿ ತಿಳಿಯಿತು. ಬರೆಯಲು ಕೂತರೆ ನನ್ನಲ್ಲಿ ಏನೂ ಇರಲಿಲ್ಲ. ಅಷ್ಟು ವರ್ಷ ನಾನು ನನ್ನ ಕಣ್ಣಿಂದ ಕಂಡದ್ದನ್ನು ಬರೆದಿರಲೇ ಇಲ್ಲ. ಆಕೆ ಕಂಡು ಬಂದು ಹೇಳಿದ್ದನ್ನು ಸುಂದರವಾದ ವಾಕ್ಯ ಮಾಡುತ್ತಿದ್ದೆ, ಅಷ್ಟೆ. ಮೂರು ವರ್ಷ ಒಂದು ಪುಟವೂ ಹೊರಬರಲಿಲ್ಲ. ಪತ್ರಿಕೆಯವರು ಕೇಳಿದಾಗ ಶಾಲೆಯ ಕೆಲಸದ ಒತ್ತಡವೆಂದೆ.

ಆ ಬಿಡುವಿನಲ್ಲಿ ಓದಿದ ಎರಡು ಸಂಗತಿಗಳನ್ನು ಹೇಳಬೇಕು. ಒಂದು ಕಾನೂನಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬ ಪದಕ್ಕೆ ಕೊಟ್ಟಿರುವ ವ್ಯಾಖ್ಯೆಯೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು ಮಾತ್ರವಲ್ಲ, ಮೊಟ್ಟೆಯನ್ನೋ ಗೂಡನ್ನೋ ಕದಡುವುದೂ ಸೇರಿದೆ. ಕೋವಿ ಮುಟ್ಟದ ನಾನು ಬೇಟೆಗಾರರನ್ನು ಹಳಿದು ಎಷ್ಟು ಲೇಖನ ಬರೆದಿದ್ದೆನೋ! ಇನ್ನೊಂದು ಸಲೀಂ ಅಲಿಯವರ ಬದುಕಿನದು. ಅವರ ಪತ್ನಿ ತೆಹ್ಮಿನಾ ಇಂಗ್ಲೆಂಡಿನಲ್ಲಿ ಓದಿ ಬೆಳೆದವರು. ಗಂಡನ ಜೊತೆ ಕಾಡುಮೇಡಿನ ಬಿಡಾರಗಳಲ್ಲಿ ಸಮೀಕ್ಷೆಗಳಿಗೆ ಅಲೆದವರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಸಲೀಂ ಅಲಿ ಬಂದದ್ದು ಅದೇ ವರ್ಷದ ಕೊನೆಗೆ, ಒಬ್ಬರೇ. ಆ ಸಮೀಕ್ಷೆಯ ಪಟ್ಟಿಯನ್ನು ನಾನು ಎಷ್ಟೋ ಸಲ ತಿರುವಿ ಹಾಕಿದ್ದೆ. ಆ ಪಟ್ಟಿ ಬರೆದ ಕೈ ಯಾವ ಸ್ಥಿತಿಯಲ್ಲಿತ್ತು ಎಂಬುದು ಆಮೇಲೆ ತಿಳಿಯಿತು.

2000ದ ಡಿಸೆಂಬರಿನಲ್ಲಿ ಮಂಗಳೂರಿನ ಕಡೆಯ ನೆಂಟರು ಬಂದರು. ಅವರಿಗೆ ಹಳೇಬೀಡು ತೋರಿಸಲು ಹೋದೆವು. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಹೀಗೆ ಸಾಲುಸಾಲು ಪಟ್ಟಿಕೆಗಳು. ಮೇಲುಗಡೆ ಮಕರ, ಅದರ ಮೇಲೆ ಹಂಸಗಳು. ನೆಂಟರು ಗೈಡಿನ ಹಿಂದೆ ಹೋದರು. ಆಕೆ ಹಂಸಗಳ ಸಾಲಿನ ಮುಂದೆಯೇ ನಿಂತಳು. ಒಂಬತ್ತು ಶತಮಾನ ಒಂದೇ ಕಡೆ ನಿಂತ ಹಕ್ಕಿಗಳು, ಅಲುಗುವುದಿಲ್ಲ, ಹೆದರುವುದಿಲ್ಲ. ಆಮೇಲೆ ದ್ವಾರಸಮುದ್ರದ ಕೆರೆಯ ದಡಕ್ಕೆ ಬಂದೆವು. ನೀರು ತುಂಬಿತ್ತು. ನಾಮದಕೋಳಿಗಳು, ಗುಳುಮುಳುಕಗಳು, ನೀರಿನಿಂದೆದ್ದ ಒಣಮರದ ಮೇಲೆ ಹಾವಕ್ಕಿಯೊಂದು ರೆಕ್ಕೆಗಳನ್ನು ಅಗಲಿಸಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿತ್ತು. ಬಹಳ ಹೊತ್ತು ನೋಡಿ ಆಕೆ, "ಕ್ಯಾಮೆರಾ ತಂದಿದ್ರೆ ಆಗ್ತಿತ್ತು" ಎಂದಳು.

ಮರುದಿನ ಬೀರು ತೆರೆದಾಗ ಮಸೂರದ ಮೇಲೆ ಬೂಷ್ಟು ಹಿಡಿದಿತ್ತು. ಒರೆಸಿದ್ದು ನಾನು.

ಆಮೇಲೆ ನಮ್ಮ ಕೆಲಸದ ರೀತಿ ಬೇರೆಯಾಯಿತು. ಗೂಡಿನ ಹತ್ತಿರ ಹೋಗುವುದಿಲ್ಲ. ಕೊಕ್ಕಿನಲ್ಲಿ ಆಹಾರ ಹಿಡಿದ ಹಕ್ಕಿ ಮುಂದೆ ಹೋಗದೆ ಅಲ್ಲೇ ಕೂತು ನಮ್ಮನ್ನು ನೋಡುತ್ತಿದ್ದರೆ ನಾವು ಅದರ ಗೂಡಿಗೆ ಅಡ್ಡ ನಿಂತಿದ್ದೇವೆ ಎಂದರ್ಥ, ಹಿಂದೆ ಸರಿಯುತ್ತೇವೆ. ಟಿಟ್ಟಿಭ ತಲೆಯ ಮೇಲೆ ಅರಚಾಡಿದರೆ ಹೊಲದ ಬದು ಬಿಟ್ಟು ರಸ್ತೆಗೆ ಬರುತ್ತೇವೆ. ಇಂದು ಛಾಯಾಗ್ರಹಣದ ಎಷ್ಟೋ ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳನ್ನು ಒಪ್ಪುವುದಿಲ್ಲ. ಆದರೆ ಮೊಬೈಲಿನಲ್ಲಿ ಹಕ್ಕಿಯ ಕೂಗನ್ನೇ ನುಡಿಸಿ, ಎದುರಾಳಿ ಬಂದನೆಂದು ಕಂಗೆಟ್ಟು ಹೊರಬರುವ ಹಕ್ಕಿಯನ್ನು ಕ್ಲಿಕ್ಕಿಸುವವರನ್ನು ಯಗಚಿಯ ಹಿನ್ನೀರಿನ ಬಳಿ ನಾನೇ ಕಂಡಿದ್ದೇನೆ. ಅವರಿಗೆ ಬುದ್ಧಿ ಹೇಳಲು ಬಾಯಿ ಬರಲಿಲ್ಲ. ಆಕೆ ಹೇಳಿದಳು; ನರ್ಸಮ್ಮನ ಗದರಿಕೆ ಚೆನ್ನಾಗಿಯೇ ಕೆಲಸ ಮಾಡುತ್ತದೆ.

2001ರಲ್ಲಿ ದಾರದ ವಿಷಯವನ್ನು ಬೇರೊಂದು ಪತ್ರಿಕೆಗೆ ಬರೆದೆ, ಚಿತ್ರ ತೆಗೆದವರ ಹೆಸರನ್ನೂ ಹಾಕಿಸಿದೆ. ಆದರೆ ಅದರಲ್ಲಿ 'ದಾರ ಬಿಚ್ಚಲು ಮರೆತೆ' ಎಂದು ಬರೆದಿದ್ದೆ. ಮರೆಯಲಿಲ್ಲ ಎಂಬುದನ್ನು ಇಂದು ಮೊದಲ ಬಾರಿಗೆ ಬರೆಯುತ್ತಿದ್ದೇನೆ. ಆಕೆಗೆ ಓದಿ ಹೇಳಿದ್ದೇನೆ. "ಅದೂ ಗೊತ್ತಿತ್ತು" ಎಂದಳು.

ತೇಜಸ್ವಿಯವರು 2007ರ ಏಪ್ರಿಲಿನಲ್ಲಿ ತೀರಿಕೊಂಡರು. ಆಮೇಲೆ ರಾಜೇಶ್ವರಿಯವರು 'ನನ್ನ ತೇಜಸ್ವಿ' ಬರೆದರು. ಪುಸ್ತಕ ಕೈಗೆ ಬಂದ ದಿನ ನಮ್ಮಾಕೆ ರಾತ್ರಿ ಒಂದು ಗಂಟೆಯವರೆಗೆ ಓದಿದಳು. ನಾನು ಅಭಿಪ್ರಾಯ ಕೇಳಿದ್ದಕ್ಕೆ, "ಇವರು ಮೊದಲೇ ಬರೀಬೇಕಿತ್ತು ಕಣ್ರೀ" ಎಂದಷ್ಟೇ ಹೇಳಿ ದೀಪ ಆರಿಸಿದಳು. 2021ರ ಡಿಸೆಂಬರಿನಲ್ಲಿ ರಾಜೇಶ್ವರಿಯವರೂ ಹೋದರು. ಆ ಸುದ್ದಿ ಕೇಳಿದ ದಿನ, ಒಮ್ಮೆಯಾದರೂ ಮೂಡಿಗೆರೆಯಲ್ಲಿ ಬಸ್ಸಿಳಿಯಬೇಕಿತ್ತು ಎಂದು ಇಬ್ಬರಿಗೂ ಅನಿಸಿತು.

ಈಗ ಇಬ್ಬರೂ ನಿವೃತ್ತರು. ಅಂಗಮಾರಿ ರೋಗಕ್ಕೆ ಬೇಸತ್ತು ಎಷ್ಟೋ ರೈತರು ಆಲೂಗಡ್ಡೆ ಬಿಟ್ಟು ಜೋಳ, ಶುಂಠಿಗೆ ಇಳಿದಿದ್ದಾರೆ. ಹಳ್ಳದ ಬದಿಯ ಆ ತೋಪು ಇಲ್ಲ. ಡಿಜಿಟಲ್ ಕ್ಯಾಮೆರಾ ಬಂದು ರೀಲಿನ ಖರ್ಚು ತಪ್ಪಿದೆ, ಆದರೆ ಆಕೆಯ ಕೈ ಸ್ವಲ್ಪ ನಡುಗುತ್ತದೆ. ಆಕೆ ಈಗ ಹೆಚ್ಚಾಗಿ ಪುಸ್ತಕದಲ್ಲಿ ಬರೆದಿಡುತ್ತಾಳೆ: ದಿನಾಂಕ, ಜಾಗ, ಹಕ್ಕಿ, ಏನು ಮಾಡುತ್ತಿತ್ತು. ನಾನು ಅದನ್ನು ನಕಲು ಮಾಡುತ್ತೇನೆ.

ಕಳೆದ ಬೇಸಿಗೆಯಲ್ಲಿ ನಮ್ಮ ಹಿತ್ತಿಲ ಬಾಗಿಲ ಪಕ್ಕದ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತು. ಎದೆಯೆತ್ತರಕ್ಕೆ, ಕೈಚಾಚಿದರೆ ಸಿಗುವಷ್ಟು ಹತ್ತಿರ. ಎಲೆಯೊಂದು ಅಡ್ಡ ಬಂದದ್ದು ಬಿಟ್ಟರೆ ಬೆಳಗಿನ ಬೆಳಕು ನೇರವಾಗಿ ಬೀಳುತ್ತಿತ್ತು. ಆಕೆ ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು. ಸುಮಾರು ನಾಲ್ಕು ವಾರ ಪಾತ್ರೆ ತೊಳೆಯುವ ನೀರಿಗೂ, ಬಟ್ಟೆ ಒಣಹಾಕುವುದಕ್ಕೂ ಮುಂಬಾಗಿಲಿನಿಂದ ಮನೆಯನ್ನು ಸುತ್ತಿ, ದೂರದಿಂದಲೇ ಹಾದುಹೋದೆವು. ರಜೆಗೆ ಬಂದಿದ್ದ ಮೊಮ್ಮಗ ಒಂದು ದಿನ ಚೆಂಡು ಹಿಡಿದುಕೊಂಡು ಆ ಬಾಗಿಲನ್ನು ತಟ್ಟಿ, "ಅಜ್ಜಿ, ಇದನ್ನ ಯಾಕೆ ತೆಗೆಯಲ್ಲ?" ಎಂದು ಕೇಳಿದ.

"ಶ್, ಆಚೆ ಬಾಣಂತಿ ಇದಾಳೆ" ಎಂದಳು.

ಅವನು ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು, ತುದಿಗಾಲಲ್ಲಿ ಮುಂಬಾಗಿಲ ಕಡೆಗೆ ಹೋದ.